ಅಂಗಳದ ಅತಿಥಿಗಳಿಗೊಂದು ದಾಖಲೆ ಪುಸ್ತಕ

ಹೊನ್ನಾವರದಂತಹ ಊರಿನಲ್ಲಿರುವ ವಿದ್ಯಾರ್ಥಿಯು ಜೀವಶಾಸ್ತ್ರವನ್ನು ಪಠ್ಯಪುಸ್ತಕವೊಂದರಿಂದಲೇ ಕಲಿಯುವುದಾದರೆ ಅದು ವಿಷಾದದ ಸಂಗತಿಯೇ ಸರಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸಹ್ಯಾದ್ರಿ, ನಡುವೆ ಶರಾವತಿಯ ಅಳಿವೆ, ಕಾಂಡ್ಲಾ ವನ, ಅಡಕೆಯ ತೋಟ: ಇವೆಲ್ಲವೂ ಒಂದೇ ತಾಲ್ಲೂಕಿನಲ್ಲಿವೆ. ಆದರೂ ಹಕ್ಕಿಗಳನ್ನು ನೋಡಬೇಕಾದರೆ ದಾಂಡೇಲಿಗೋ ರಂಗನತಿಟ್ಟಿಗೋ ಹೋಗಬೇಕೆಂಬ ಭಾವನೆ ನಮ್ಮ ತರುಣರಲ್ಲಿ ಬೇರೂರಿದೆ. ವಿಜ್ಞಾನದ ದೃಷ್ಟಿಯಿಂದ ದೂರದ ಒಂದು ದಿನದ ಪ್ರವಾಸಕ್ಕಿಂತ, ಮನೆಯ ಸುತ್ತಲಿನ ಹತ್ತು ವರ್ಷಗಳ ದಾಖಲೆಯೇ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಋತುಮಾನದ ಗತಿಯನ್ನು ಗಮನಿಸಿರಿ. ಮುಂಗಾರು ಇಳಿಮುಖವಾಗುವ ಸೆಪ್ಟೆಂಬರ್ ಹೊತ್ತಿಗೆ ಗಿಡಬಳ್ಳಿಗಳಲ್ಲಿ ಎಳೆಯ ಎಲೆಗಳು ತುಂಬಿ, ಕಂಬಳಿಹುಳುಗಳಿಗೆ ಯಥೇಚ್ಛ ಆಹಾರ ದೊರೆಯುತ್ತದೆ; ಚಿಟ್ಟೆಗಳು ಹೆಚ್ಚುತ್ತವೆ. ಅದೇ ಕಾಲಕ್ಕೆ, ಸದಾ ಬಾಲ ಕುಣಿಸುವ ಬೂದು ಸಿಪಿಲೆಯು ಉತ್ತರದಿಂದ ಬಂದು ನಮ್ಮ ಹಳ್ಳಗಳ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಕಡಲತೀರಕ್ಕೆ ಬರುವ ಕಂದುತಲೆಯ ಕಡಲಕ್ಕಿಯ ತವರು ಟಿಬೆಟ್ಟಿನಂತಹ ಎತ್ತರದ ಪ್ರಸ್ಥಭೂಮಿಯ ಸರೋವರಗಳು. ಇವು ಬಂದ ಮೊದಲ ದಿನ ಯಾವುದು, ಕಡೆಯ ಬಾರಿ ಕಂಡುದು ಎಂದು? ಈ ಪ್ರಶ್ನೆಗಳಿಗೆ ಉತ್ತರ ಬರೆದಿಡಲು ಯಾವ ಉಪಕರಣವೂ ಬೇಡ.

ನಮ್ಮ ಜಿಲ್ಲೆಗೆ ಇದು ಹೊಸ ವಿಚಾರವೂ ಅಲ್ಲ. ಸಿವಿಲ್ ಸರ್ವೀಸಿನ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್, ಸುಂಕದ ಇಲಾಖೆಯ ಐಟ್ಕನ್ ಎಂಬ ಮೂವರು ಅಧಿಕಾರಿಗಳು ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತ ಲೇಖನಮಾಲೆಯನ್ನು 1896ರಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಸತ್ತ ಚಿಟ್ಟೆಗಳನ್ನು ಪೆಟ್ಟಿಗೆಯಲ್ಲಿ ಚುಚ್ಚಿಟ್ಟು ತೃಪ್ತರಾಗಲಿಲ್ಲ. ಮರಿಹುಳುಗಳನ್ನು ಸಾಕಿ, ಯಾವುದು ಯಾವ ಗಿಡವನ್ನು ತಿನ್ನುತ್ತದೆಂಬುದನ್ನೂ ಬರೆದಿಟ್ಟರು. ಬೆಲ್ ಮುಂದೆ ಹಾಕ್‌ಮಾತ್ ಎಂಬ ದೊಡ್ಡ ಪತಂಗಗಳನ್ನು ಕುರಿತು, ಸ್ಕಾಟ್ ಎಂಬವರೊಡನೆ, 1937ರಲ್ಲಿ ಪ್ರಕಟವಾದ ಗ್ರಂಥವನ್ನು ರಚಿಸಿದರು. ಇದೆಲ್ಲವೂ ಉದ್ಯೋಗದ ಬಿಡುವಿನಲ್ಲಿ ನಡೆದ ಕೆಲಸ.

ಇಂತಹ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಹಿತ್ತಿಲಿನಲ್ಲಿಯೇ ಮಾಡಬಹುದು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಬೆಳೆದು ಹಸುರಾಗಿ, ಕಡೆಗೆ ಕಪ್ಪು ಚಿಟ್ಟೆಯಾಗಿ ಹಾರುತ್ತದೆ. ಎಕ್ಕದ ಗಿಡದಲ್ಲಿ ಬೆಳೆಯುವುದು ಬೇರೊಂದು, ಕಿತ್ತಳೆ ಬಣ್ಣದ್ದು. ನಂದಿಬಟ್ಟಲಿನ ಎಲೆ ತಿಂದು ಬೆಳೆದ ಹಸುರು ಪತಂಗವು ರಾತ್ರಿ ಜಗಲಿಯ ದೀಪಕ್ಕೆ ಬರುತ್ತದೆ.

ಈಗ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಸುಲಭ. ಆದರೆ ದಿನಾಂಕ, ಸ್ಥಳ, ಗಿಡದ ಹೆಸರು ಇಲ್ಲದ ಚಿತ್ರವು ಅಂದವಾಗಿದ್ದರೂ ಸಾಕ್ಷ್ಯವಾಗಲಾರದು. ಹೋಗಿ ನೋಡಿ, ಏನನ್ನೂ ಕಾಣದೆ ಬಂದ ದಿನವನ್ನೂ ಬರೆದಿಡಬೇಕು. ಒಂದು ಜೀವಿ ಕಡಿಮೆಯಾಯಿತೆಂಬುದು ತಿಳಿಯುವುದು ಆ ಬರವಣಿಗೆಯಿಂದಲೇ. ಹೆದ್ದಾರಿಗಾಗಿ ಸಾಲುಮರಗಳು ಉರುಳಿದಾಗ ಅವುಗಳಲ್ಲಿ ಯಾವ ಹಕ್ಕಿಗಳು ನೆಲಸಿದ್ದುವೆಂದು ಹೇಳಲು, ಮೊದಲೇ ಬರೆದಿಟ್ಟ ದಾಖಲೆಯಿಲ್ಲದೆ ಸಾಧ್ಯವೇ?

ವಿದ್ಯಾರ್ಥಿಯು ಮೂರು ವರ್ಷಗಳಲ್ಲಿ ಶಾಲೆಯನ್ನು ಬಿಡುವನು, ಶಾಲೆಯು ಉಳಿಯುವುದು. ಆದುದರಿಂದ ಪ್ರತಿಯೊಂದು ಪ್ರೌಢಶಾಲೆಯೂ ಕಾಲೇಜೂ ಒಂದು ದಾಖಲೆ ಪುಸ್ತಕವನ್ನಿಟ್ಟು, ಹಿರಿಯ ತರಗತಿಯವರು ಅದನ್ನು ಕಿರಿಯರ ಕೈಗೆ ಒಪ್ಪಿಸುವ ಪದ್ಧತಿಯನ್ನು ಈ ವರ್ಷವೇ ಆರಂಭಿಸಬೇಕು. ಇದಕ್ಕೆ ತಗಲುವ ವೆಚ್ಚ ಒಂದು ನೋಟುಬುಕ್ಕಿನ ಬೆಲೆ ಮಾತ್ರ.