ಬಾಡಿಗೆಯವರ ಬಿಂಕ

"ಈ ಕಾಡಿನಲ್ಲಿ ಗಾಡಿ ಓಡಿಸೋದಕ್ಕೂ ಇವರ ಅಪ್ಪಣೆ ಬೇಕಾ ಆಂಟಿ? ನಾವೇನು ಇವರ ಮನೆ ಅಂಗಳದಲ್ಲಿ ಹೋಗ್ತಿದೀವಾ?"

ಹೌದಪ್ಪಾ, ಅಂಗಳದಲ್ಲೇ ಹೋಗ್ತಿದೀವಿ. ಆದರೆ ಆಗ ಹಾಗೆ ಹೇಳಲಿಲ್ಲ. ಉಪ್ಪಿಟ್ಟಿನ ಪಾತ್ರೆ ಮುಂದಿಟ್ಟುಕೊಂಡು, ಅಳಿಯನ ಸ್ನೇಹಿತರೊಂದಿಗೆ ಜಗಳ ಬೇಡವೆಂದು ಸುಮ್ಮನಿದ್ದೆ. ಅಂದು ನುಂಗಿಕೊಂಡದ್ದು ಇವತ್ತಿಗೂ ಅರಗಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಆಸ್ಟ್ರೇಲಿಯಕ್ಕೆ ಹೋಗಿದ್ದೆ. ಅಲ್ಲಿ ನೆಲೆಸಿರುವ ಮೂರು ಕನ್ನಡ ಕುಟುಂಬಗಳು ಸೇರಿಕೊಂಡು ಆಲಿಸ್ ಸ್ಪ್ರಿಂಗ್ಸ್‌ನಿಂದ ಗಾಡಿ ಬಾಡಿಗೆಗೆ ಹಿಡಿದು, ಡೇರೆ, ಹಾಸಿಗೆ, ಗ್ಯಾಸ್ ಒಲೆ, ಚಟ್ನಿಪುಡಿ ಎಲ್ಲಾ ಕಟ್ಟಿಕೊಂಡು ನಡುನಾಡಿನ ಕುರುಚಲು ಕಾಡಿಗೆ ಹೊರಟೆವು. ಮೊದಲ ಬಿಡಾರ ಆರ್ಮಿಸ್ಟನ್ ಕಮರಿಯ ಹತ್ತಿರ. ಕೆಂಪು ಬಂಡೆಗಳ ನಡುವೆ ತಣ್ಣಗೆ ನಿಂತ ನೀರು. ಸುಣ್ಣ ಬಳಿದ ಹಾಗೆ ಬೆಳ್ಳಗಿರುವ ಕಾಂಡದ ಮರಗಳು. ಅವುಗಳನ್ನು ಅಲ್ಲಿ ದೆವ್ವದ ಮರ ಅನ್ನುವ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಸಂಜೆ ಬೆಳಕಿನಲ್ಲಿ ನೋಡಿದರೆ ದೆವ್ವ ಯಾಕೆ, ದೇವರೇ ಅನ್ನಬಹುದಿತ್ತು.

ಮುಂದಿನ ದಾರಿ ಮೂಲನಿವಾಸಿಗಳ ಸ್ವಂತ ನೆಲದ ಮೂಲಕ ಹೋಗುತ್ತದೆ. ಮೆರೀನಿ ಎಂಬ ಆ ಮಣ್ಣುರಸ್ತೆಗೆ ಪರ್ಮಿಟ್ ಕೊಳ್ಳಬೇಕು. ದಾರಿಯಲ್ಲಿ ಬಿಡಾರ ಹೂಡುವ ಹಾಗಿಲ್ಲ. ನಮ್ಮವರಿಗೆ ಸಿಟ್ಟು ಬಂದದ್ದು ಇದಕ್ಕೆ. ಅಪ್ಪಣೆ ಕೇಳಬೇಕಾದದ್ದು ಬಿಳಿಯ ಅಧಿಕಾರಿಯನ್ನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ಎಂಬುದು ನನ್ನ ಗುಮಾನಿ. ವೀಸಾಕ್ಕಾಗಿ ತಿಂಗಳುಗಟ್ಟಲೆ ಕಾಗದಪತ್ರ ಹೊಂದಿಸಿದ ಜನ ಇವರು. ಆಗ ಯಾರೂ ಬೇಸರಿಸಿದ್ದನ್ನು ನಾನು ಕಾಣೆ.

ಮಾತು ಅಲ್ಲಿಗೇ ನಿಲ್ಲಲಿಲ್ಲ. "ಸರ್ಕಾರ ಎಲ್ಲಾ ಕೊಡುತ್ತೆ, ಇವರು ಕುಡಿದು ಹಾಳು ಮಾಡ್ತಾರೆ" ಎಂದು ಇನ್ನೊಬ್ಬರು ಶುರು ಮಾಡಿದರು. ಕೇಳಿಕೊಂಡು ಕೂತಿದ್ದ ನನಗೆ ಮರುದಿನ ಹರ್ಮನ್ಸ್‌ಬರ್ಗ್‌ನಲ್ಲಿ ಉತ್ತರ ಸಿಕ್ಕಿತು.

1877ರಲ್ಲಿ ಜರ್ಮನ್ ಪಾದ್ರಿಗಳು ಕಟ್ಟಿದ ಊರು ಅದು. ಅರಂಡ ಜನಾಂಗದ ಚಿತ್ರಕಾರ ಆಲ್ಬರ್ಟ್ ನಮಾಟ್ಜಿರಾ 1902ರಲ್ಲಿ ಹುಟ್ಟಿದ್ದು ಅಲ್ಲಿ. ನಾವು ಹಿಂದಿನ ಸಂಜೆ ಬಾಯಿ ಬಿಟ್ಟು ನೋಡಿದ ಆ ಕೆಂಪು ಬೆಟ್ಟ, ಆ ಬಿಳಿ ಮರಗಳನ್ನೆಲ್ಲ ಅವರು ಜಲವರ್ಣದಲ್ಲಿ ಬರೆದು ಲೋಕಕ್ಕೆ ತೋರಿಸಿದ್ದರು. 1938ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. 1954ರಲ್ಲಿ ರಾಣಿ ಎಲಿಜಬೆತ್ ಅವರ ಮುಂದೆ ನಿಲ್ಲಿಸಿ ಪರಿಚಯಿಸಿದರು. ಹೊಗಳಿಕೆ ಬೇಕಾದಷ್ಟು. ಆದರೆ ದನ ಸಾಕಲು ಭೂಮಿ ಗುತ್ತಿಗೆಗೆ ಕೇಳಿದರೆ ಇಲ್ಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಸ್ವಂತ ದುಡ್ಡಿನಿಂದ ಮನೆ ಕಟ್ಟುತ್ತೇನೆಂದರೆ ಅದಕ್ಕೂ ಇಲ್ಲ. ಅವರ ಚಿತ್ರ ಬಿಳಿಯರ ನಡುಮನೆಯ ಗೋಡೆಗೆ ಬೇಕಿತ್ತು, ಅವರು ಮಾತ್ರ ಪಕ್ಕದ ಸೈಟಿಗೆ ಬೇಡ!

1957ರಲ್ಲಿ ಅವರಿಗೂ ಅವರ ಹೆಂಡತಿ ರುಬೀನಾಗೂ ಪೂರ್ಣ ಪೌರತ್ವ ಕೊಟ್ಟರು. ಮಕ್ಕಳಿಗೆ ಕೊಡಲಿಲ್ಲ. ಪೌರರಾದ ಮೇಲೆ ಅವರು ಮದ್ಯ ಕೊಳ್ಳಬಹುದು, ಆದರೆ ತಮ್ಮವರೊಂದಿಗೆ ಹಂಚಿಕೊಂಡರೆ ಅಪರಾಧ. ಇದ್ದದ್ದನ್ನು ನಂಟರಿಷ್ಟರೆಲ್ಲ ಹಂಚಿಕೊಳ್ಳಬೇಕು ಎನ್ನುವುದೇ ಧರ್ಮವಾಗಿರುವ ಜನರಿಗೆ ಎಂಥ ಕಾನೂನು ನೋಡಿ. 1958ರಲ್ಲಿ ತಮ್ಮವರೇ ಆದ ಇನ್ನೊಬ್ಬ ಚಿತ್ರಕಾರನಿಗೆ ಮದ್ಯ ಕೊಟ್ಟರೆಂದು ಆರು ತಿಂಗಳ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಮೂರು ತಿಂಗಳಿಗೆ ಇಳಿಯಿತು. ಎರಡು ತಿಂಗಳು ಅನುಭವಿಸಿ ಹೊರಬಂದವರು ಮತ್ತೆ ಚೇತರಿಸಿಕೊಳ್ಳಲಿಲ್ಲ, 1959ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಚಿತ್ರಗಳ ಹಕ್ಕುಸ್ವಾಮ್ಯವನ್ನು 1983ರಲ್ಲಿ ಸರ್ಕಾರದ ಟ್ರಸ್ಟಿ 8,500 ಡಾಲರಿಗೆ ಮಾರಿಬಿಟ್ಟರು. ಅದು ಅವರ ವಂಶದವರಿಗೆಂದು ಇರುವ ಟ್ರಸ್ಟಿಗೆ ವಾಪಸು ಬಂದದ್ದು 2017ರಲ್ಲಿ. ಅಷ್ಟೂ ವರ್ಷ ತಾತನ ಚಿತ್ರ ಅಚ್ಚಾದರೆ ಕಾಸು ಹೋಗುತ್ತಿದ್ದುದು ಬೇರೆಯವರಿಗೆ.

ಸರ್ಕಾರ ಎಲ್ಲಾ ಕೊಡುತ್ತೆ ಅಂದರಲ್ಲ, ಕೊಟ್ಟದ್ದರ ಲೆಕ್ಕ ಹೇಳುವವರು ಕಿತ್ತುಕೊಂಡದ್ದರ ಲೆಕ್ಕ ಯಾಕೆ ಇಡುವುದಿಲ್ಲ?

ನನಗೆ ಬಿಳಿಯರ ಮೇಲೆ ಇಷ್ಟು ಸಿಟ್ಟು ಬರಲಿಲ್ಲ. ಅವರಲ್ಲಿ ತಲೆ ತಗ್ಗಿಸಿ ಮಾತಾಡುವವರನ್ನೂ ಕಂಡೆ. 2008ರಲ್ಲಿ ಅವರ ಪ್ರಧಾನಿ ಕೆವಿನ್ ರಡ್, ತಾಯಂದಿರಿಂದ ಕಿತ್ತು ಒಯ್ದ ಮಕ್ಕಳ ತಲೆಮಾರುಗಳಿಗೆ ಸಂಸತ್ತಿನಲ್ಲೇ ಕ್ಷಮೆ ಕೇಳಿದರು. ಸಿಟ್ಟು ಬಂದದ್ದು ನಮ್ಮವರ ಮೇಲೆ. 1901ರ ವಲಸೆ ಕಾನೂನು ಇದ್ದ ಕಾಲದಲ್ಲಿ ನಮ್ಮ ಬಣ್ಣದವರಿಗೂ ಆ ದೇಶದ ಬಾಗಿಲು ಮುಚ್ಚಿತ್ತು. ಬಿಳಿಯರಿಗೆ ಮಾತ್ರ ಎನ್ನುವ ಆ ನೀತಿ ಪೂರ್ತಿಯಾಗಿ ಹೋದದ್ದು 1973ರಲ್ಲಿ. ಮೊನ್ನೆ ಮೊನ್ನೆ ಒಳಗೆ ಬಂದ ಬಾಡಿಗೆಯವರು ನಾವು. ಬಂದ ಕೂಡಲೇ ಕಲಿತದ್ದೇನು? ಮನೆ ಕಳೆದುಕೊಂಡು ಹಿತ್ತಿಲಿನಲ್ಲಿ ಕೂತವರನ್ನು ನೋಡಿ ಮೂಗು ಮುರಿಯುವುದು! 2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳ ಮಾತು ಕೇಳಲು ಸಂವಿಧಾನದಲ್ಲೇ ಒಂದು ಸಲಹಾ ಮಂಡಳಿ ಇರಲೇ ಬೇಡವೇ ಎಂದು ಮತ ಕೇಳಿದಾಗ ನೂರಕ್ಕೆ ಅರವತ್ತು ಜನ ಬೇಡವೆಂದರು. ನಮ್ಮ ಬಿಡಾರದಲ್ಲೂ ಹಾಗೆ ಹೇಳಿದವರಿದ್ದರು. "ನಾವೂ ಹೊರಗಿನಿಂದ ಬಂದವರೇ ಆಂಟಿ, ನಮಗೆ ಯಾರು ಏನು ಕೊಟ್ಟರು?" ಅಂದರು. ಹೊರಗಿನಿಂದ ಬಂದವರ ಜೊತೆಗೆ, ಅಲ್ಲೇ 50,000 ವರ್ಷಕ್ಕೂ ಹೆಚ್ಚು ಕಾಲ ಬಾಳಿದವರನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರು.

ಅವರನ್ನು ಅನ್ನುವ ಮೊದಲು ನನ್ನನ್ನೂ ಅಂದುಕೊಳ್ಳಬೇಕು. "ಆಸ್ಟ್ರೇಲಿಯವನ್ನು ಕಂಡುಹಿಡಿದವರು ಯಾರು?" ಒಂದು ಅಂಕದ ಪ್ರಶ್ನೆ. ಕ್ಯಾಪ್ಟನ್ ಕುಕ್ ಎಂದು ಬರೆದ ಮಕ್ಕಳಿಗೆ 28 ವರ್ಷ ಸರಿ ಗುರುತು ಹಾಕಿದ್ದೇನೆ. 1770ರಲ್ಲಿ ಕುಕ್ ಹಡಗಿನಿಂದ ಇಳಿದಾಗ ದಡದಲ್ಲಿ ಜನ ನಿಂತಿದ್ದರು. ಜನರಿರುವ ಮನೆಯನ್ನು ಕಂಡುಹಿಡಿಯುವುದು ಹೇಗೆ? ಯಾರಿಗೂ ಸೇರದ ನೆಲ ಎಂಬ ಆ ಸುಳ್ಳನ್ನು ಅವರ ಹೈಕೋರ್ಟೇ 1992ರಲ್ಲಿ ಮಾಬೊ ಮೊಕದ್ದಮೆಯಲ್ಲಿ ತಳ್ಳಿಹಾಕಿತು. ನಾನು ಅದಾದ ಮೇಲೂ ಸರಿ ಗುರುತು ಹಾಕುತ್ತಲೇ ಇದ್ದೆ.

ಕೊನೆಗೆ ಉಲೂರು ತಲುಪಿದೆವು. ನಮ್ಮ ಕಡೆಯ ಯಾವುದೋ ಹಳ್ಳಿಯ ಹೆಸರಿನ ಹಾಗಿಲ್ಲವೇ? ಆ ಮಹಾಬಂಡೆಯನ್ನು ಅದರ ಒಡೆಯರಾದ ಅನಂಗು ಜನರಿಗೆ 1985ರಲ್ಲಿ ಹಿಂದಿರುಗಿಸಿದರು. ದಯವಿಟ್ಟು ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಬೇಡಿಕೊಂಡರು. ಹತ್ತುವುದು ನಿಂತದ್ದು 2019ರ ಅಕ್ಟೋಬರ್ 26ಕ್ಕೆ. ನಿಲ್ಲುತ್ತದೆಂದು ಗೊತ್ತಾದ ಮೇಲೆ ಕೊನೆಯ ದಿನಗಳಲ್ಲಿ ಜನ ಇರುವೆ ಸಾಲಿನ ಹಾಗೆ ಹತ್ತಿದರಂತೆ. ಆ ಸಾಲಿನಲ್ಲಿ ತಾವೂ ಇದ್ದೆವೆಂದು ನಮ್ಮವರೊಬ್ಬರು ಹೆಮ್ಮೆಯಿಂದ ಹೇಳಿಕೊಂಡರು. ನಮ್ಮ ದೇವಸ್ಥಾನದ ಗರ್ಭಗುಡಿಗೆ ಯಾರಾದರೂ ಬೂಟು ಹಾಕಿಕೊಂಡು ಬಂದರೆ ಇವರು ಹೀಗೇ ನಗುತ್ತಿದ್ದರೇ?

ಬಂಡೆಯ ಸುತ್ತ ನಡೆಯುವಾಗ ಅಲ್ಲಲ್ಲಿ ಪವಿತ್ರ ಸ್ಥಳ, ಫೋಟೋ ತೆಗೆಯಬೇಡಿ ಎಂಬ ಫಲಕಗಳಿವೆ. ಕೆಲವು ಹೆಂಗಸರಿಗೆ ಮಾತ್ರ ಸೇರಿದ ಜಾಗಗಳು. ಅಲ್ಲಿ ಏನು ನಡೆಯುತ್ತದೆಂದು ಗಂಡಸರಿಗೆ ಹೇಳುವುದಿಲ್ಲ, ನಮ್ಮಂಥ ಹೊರಗಿನವರಿಗೂ ಹೇಳುವುದಿಲ್ಲ. ಹೇಳದಿದ್ದರೆ ಬೇಡ. ಅಕ್ಕಪಕ್ಕದವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೆ ನಾವು ಅವರ ಕೋಣೆಯ ಬೀರು ತೆಗೆದು ನೋಡುತ್ತೇವೆಯೇ?

ನಮ್ಮವರು ಕ್ಯಾಮೆರಾ ಎತ್ತಿದರು. "ಬೇಡಪ್ಪಾ, ಬೋರ್ಡ್ ಇದೆ" ಅಂದೆ, ಈ ಸಲ ಗಟ್ಟಿಯಾಗಿಯೇ.

"ನೀವು ಒಂದು ತಿಂಗಳಿಗೆ ಬಂದವರು ಆಂಟಿ, ನಿಮಗೆ ಇಲ್ಲಿಯದು ಗೊತ್ತಾಗಲ್ಲ" ಎಂದರು.

"ನಾನು ಒಂದು ತಿಂಗಳ ನೆಂಟಳು, ನೀವು ಇಪ್ಪತ್ತು ವರ್ಷದ ನೆಂಟರು. ಮನೆಯವರು ಬೇಡ ಅಂದಿದ್ದಾರೆ" ಎಂದೆ. ಅವರು ಉತ್ತರ ಕೊಡಲಿಲ್ಲ. ಕ್ಯಾಮೆರಾ ಮಾತ್ರ ಕೆಳಗಿಳಿಯಿತು. ಗಾಡಿಯವರೆಗೂ ನನ್ನೊಂದಿಗೆ ಮಾತಾಡಲಿಲ್ಲ.