ಅರ್ಧ ಗಂಟೆ ಊಟಕ್ಕೆ ಸಾಯದ ಲೇಪನ ಯಾಕೆ?

ಬೇಸಿಗೆಯಲ್ಲಿ ಗೊರೂರು ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ಹತ್ತಿರ ಹೋಗಿ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಗೋಡೆಗಳು ಕಾಣುತ್ತವೆ. ಹೇಮಾವತಿ ಜಲಾಶಯ ಬಂದ ಮೇಲೆ ಮಳೆಗಾಲದಲ್ಲಿ ನೀರೊಳಗೆ ನಿಂತು ನಿಂತು ಅವು ಸವೆಯುತ್ತಿವೆ. ಗೋಡೆಯ ಬುಡದಲ್ಲೇ ಇನ್ನೊಂದು ವಸ್ತು ಕಾಣುತ್ತದೆ. ನೋಡಲು ಬಂದವರು ಉಂಡು ಬಿಸಾಕಿದ ಪೇಪರ್ ತಟ್ಟೆ, ಲೋಟ. ಕಾಗದ ಕೊಳೆತಿರುತ್ತದೆ, ಮೇಲಿನ ಹೊಳಪಿನ ಪದರ ಹಾಗೇ ಇರುತ್ತದೆ.

ಪ್ರವಾಸಿಗರನ್ನು ಬೈದು ಸುಮ್ಮನಾಗುವಂತಿಲ್ಲ. ಅದೇ ತಟ್ಟೆ ಈಗ ನಮ್ಮ ಬೀಗರೂಟಕ್ಕೂ ಬಂದಿದೆ, ತಿಥಿಗೂ ಬಂದಿದೆ. ಊಟ ಮುಗಿದ ಮೇಲೆ ಅದು ಹೋಗುವುದು ಮೂರೇ ಜಾಗಕ್ಕೆ: ತಿಪ್ಪೆಗೆ, ದನದ ಬಾಯಿಗೆ, ಇಲ್ಲವೇ ಹಂಡೆ ಒಲೆಗೆ. ಹಾಗಾಗಿ ಆ ಹೊಳಪು ಏನು ಎಂದು ಕೇಳುವ ಹಕ್ಕು ನಮಗಿದೆ.

ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಕೆಸುವಿನ ಎಲೆ ಮೇಲೆ ಒಂದು ಹನಿ ನೀರು ಬಿಡಿ. ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಈಗ ಒಂದು ಹನಿ ಅಡುಗೆ ಎಣ್ಣೆ ಬಿಡಿ. ಹರಡಿ ಅಂಟಿಕೊಳ್ಳುತ್ತದೆ. ತಾವರೆ ಎಲೆಯ ಕಥೆಯೂ ಇದೇ.

ಕಾರಣ ಸರಳ. ಹನಿಯನ್ನು ಗುಂಡಗೆ ಹಿಡಿದಿಡುವ ಬಲಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಒಂದೇ ಮಾಪನದಲ್ಲಿ ಅಳೆದರೆ ನೀರಿನದು ಸುಮಾರು 72, ಅಡುಗೆ ಎಣ್ಣೆಯದು ಸುಮಾರು 32. ಎಳೆತ ಕಡಿಮೆ ಇರುವುದರಿಂದ ಎಣ್ಣೆ ಸಿಕ್ಕಿದ್ದರ ಮೇಲೆಲ್ಲ ಹರಡುತ್ತದೆ. ನೀರನ್ನು ಓಡಿಸಲು ಮೇಣ ಸಾಕು. ಎಣ್ಣೆಯನ್ನು ಓಡಿಸುವುದು ಕಷ್ಟ.

ಆ ಕಷ್ಟಕ್ಕೆ ಕಂಪನಿಗಳು ಕಂಡುಕೊಂಡ ಸುಲಭ ದಾರಿ ಫ್ಲೋರಿನ್ ಸೇರಿದ ರಾಸಾಯನಿಕಗಳು. ಇವುಗಳಿಗೆ ಪಿಎಫ್‌ಎಎಸ್ ಎಂದು ಹೆಸರು. ಇಂಗಾಲ ಮತ್ತು ಫ್ಲೋರಿನ್ ಸೇರಿದರೆ ಬೀಳುವ ಗಂಟು ತುಂಬಾ ಗಟ್ಟಿ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಸುಲಭಕ್ಕೆ ಬಿಚ್ಚುವುದಿಲ್ಲ, ಹಂಡೆ ಒಲೆಯ ಬೆಂಕಿಯೂ ಅದಕ್ಕೆ ಸಾಲದು. ಅದಕ್ಕೇ ಇವನ್ನು 'ಶಾಶ್ವತ ರಾಸಾಯನಿಕ' ಎನ್ನುವುದು. ಇವುಗಳಲ್ಲಿ ಒಂದಾದ ಪಿಎಫ್‌ಒಎ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಹೇಳಿದೆ. ಆಹಾರದ ಕಾಗದದಲ್ಲಿ ಇಂಥ ರಾಸಾಯನಿಕಗಳ ಬಳಕೆಯನ್ನು ಡೆನ್ಮಾರ್ಕ್ 2020ರಲ್ಲೇ ನಿಷೇಧಿಸಿತು. ಜಿಡ್ಡು ತಡೆಯಲು ಇವನ್ನು ಹಚ್ಚಿದ ಆಹಾರದ ಕಾಗದ ತಮ್ಮಲ್ಲಿ ಇನ್ನು ಮಾರಾಟವಾಗುತ್ತಿಲ್ಲ ಎಂದು ಅಮೆರಿಕದ ಆಹಾರ ಇಲಾಖೆ 2024ರ ಫೆಬ್ರುವರಿಯಲ್ಲಿ ಪ್ರಕಟಿಸಿತು.

ನಮ್ಮೂರಿನ ಎಲ್ಲ ತಟ್ಟೆಯಲ್ಲೂ ಇದೇ ಇದೆ ಎಂದು ನಾವು ಹೇಳುತ್ತಿಲ್ಲ. ಎಷ್ಟೋ ತಟ್ಟೆ ಲೋಟಗಳ ಮೇಲಿರುವುದು ಬರೀ ತೆಳು ಪ್ಲಾಸ್ಟಿಕ್. ಅದೂ ಸಾಧು ಅಲ್ಲ. ಪೇಪರ್ ಲೋಟದಲ್ಲಿ 100 ಮಿಲಿ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಸೂಕ್ಷ್ಮ ಕಣ ಸೇರುತ್ತವೆ ಎಂದು ಖರಗ್‌ಪುರ ಐಐಟಿಯವರು 2020ರಲ್ಲಿ ತೋರಿಸಿದ್ದಾರೆ.

ಹಾಗಾದರೆ ಬೇರೆ ದಾರಿ ಇಲ್ಲವೇ? ಹುಡುಕಾಟ ನಡೆದಿದೆ, ಅದರಲ್ಲೊಂದು ಮೈಕ್ರೋಕ್ಯಾಪ್ಸೂಲ್ ಲೇಪನ. ಹೆಸರು ಹೊಸದಾದರೂ ವಸ್ತು ಹಳೆಯದು. ಕಾರ್ಬನ್ ಹಾಳೆ ಇಡದೆಯೇ ಕೆಳಗಿನ ಹಾಳೆಗೂ ಅಕ್ಷರ ಮೂಡುವ ರಸೀದಿ ಪುಸ್ತಕ ನೋಡಿದ್ದೀರಲ್ಲ? ಆ ಹಾಳೆಯ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿರುತ್ತವೆ. ಪೆನ್ನು ಒತ್ತಿದಾಗ ಅವು ಒಡೆದು ಬಣ್ಣ ಬಿಡುತ್ತವೆ. ಅಂಥದೇ ಗುಳಿಗೆಯೊಳಗೆ ಮೇಣದಂಥದ್ದನ್ನು ತುಂಬಿ ಕಾಗದಕ್ಕೆ ಹಚ್ಚಬಹುದು.

ಗುಳಿಗೆಗಳು ಗುಂಡಗಿರುವುದೂ ಉಪಯೋಗವೇ. ರಾಗಿ ಹರಡಿದ ಹಾಗೆ ಒತ್ತೊತ್ತಾಗಿ ಕೂತರೆ ಹನಿ ಅವುಗಳ ನೆತ್ತಿಯ ಮೇಲೆ ನಿಲ್ಲುತ್ತದೆ, ಸಂದಿಯಲ್ಲಿ ಗಾಳಿ ಉಳಿಯುತ್ತದೆ. ಕಾಳಿನ ಹೊಟ್ಟೆ ಕೆಳಗೆ ಒಳಕ್ಕೆ ಬಾಗಿರುವುದರಿಂದ ಎಣ್ಣೆಗೂ ಕೆಳಗಿಳಿಯುವುದು ಕಷ್ಟವಾಗುತ್ತದೆ. ಹೀಗೆ ಒಳಕ್ಕೆ ಬಾಗಿದ ಆಕಾರ ಎಣ್ಣೆಯನ್ನು ತಡೆಯಬಲ್ಲದು ಎಂದು ಅಮೆರಿಕದ ಎಂಐಟಿ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಆದರೆ ಅವರೂ ಆಕಾರದ ಜೊತೆಗೆ ಫ್ಲೋರಿನ್ ರಾಸಾಯನಿಕ ಬಳಸಿದ್ದರು. ಆಕಾರ ಒಂದನ್ನೇ ನಂಬಿ ಎಣ್ಣೆ ಓಡಿಸುವುದು ಅಷ್ಟು ಸುಲಭವಲ್ಲ. ಇನ್ನು ಗುಳಿಗೆಯ ಸಿಪ್ಪೆಯೇ ಪ್ಲಾಸ್ಟಿಕ್ ಆದರೆ, ಪ್ಲಾಸ್ಟಿಕ್ ಪದರದ ಬದಲು ಪ್ಲಾಸ್ಟಿಕ್ ಪುಡಿ ಹಚ್ಚಿದಂತಾಗುತ್ತದೆ.

ಇಲ್ಲಿಯೇ ನಮ್ಮ ತಕರಾರು. ಲೇಪನ ರೂಪಿಸುವವರು ಎರಡು ಪರೀಕ್ಷೆ ಮಾಡುತ್ತಾರೆ: ಒಂದು ಹನಿ ನೀರು, ಒಂದು ಹನಿ ಎಣ್ಣೆ. ಎರಡೂ ಉರುಳಿ ಹೋದರೆ ಗೆದ್ದ ಹಾಗೆ. ಆದರೆ ಊಟದ ತಟ್ಟೆಯಿಂದ ಎಣ್ಣೆ ಉರುಳಿ ಹೋಗಬೇಕೆಂದು ಕೇಳಿದವರು ಯಾರು? ಬಾಳೆ ಎಲೆ ಎಣ್ಣೆಯನ್ನು ಓಡಿಸುವುದಿಲ್ಲ, ಕೆಳಗೆ ಸೋರದಂತೆ ತಡೆಯುತ್ತದೆ ಅಷ್ಟೇ. ಮುದ್ದೆ ಸಾರು ಉಂಡು ಏಳಲು ಬೇಕಾದ ಅರ್ಧ ಗಂಟೆಗೆ ಅಷ್ಟು ಸಾಕು. ನಮಗೆ ಬೇಕಿರುವುದು ಅರ್ಧ ಗಂಟೆ ಗಟ್ಟಿಯಾಗಿದ್ದು ಆಮೇಲೆ ಮಣ್ಣಾಗುವ ಲೇಪನ.

ಹಾಗಾಗಿ ಹಳ್ಳಿಯ ಕಡೆಯಿಂದ ಇನ್ನೂ ಮೂರು ಪರೀಕ್ಷೆ ಸೇರಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಕೊಳೆಯುತ್ತದಾ? ದನ ತಿಂದರೆ ಜೀರ್ಣವಾಗುತ್ತದಾ? ಒಲೆಗೆ ಹಾಕಿದರೆ ಬರುವ ಹೊಗೆ ಕುಡಿಯಬಹುದಾ? ಈ ಮೂರಕ್ಕೂ ಉತ್ತರವಿಲ್ಲದ ತಟ್ಟೆಯನ್ನು 'ಪರಿಸರಸ್ನೇಹಿ' ಎಂದು ಮಾರಬಾರದು.

'ಎಲೆಗೇ ವಾಪಸ್ ಹೋಗಿ ಅನ್ನುತ್ತೀರಾ?' ಎಂದು ಕೇಳಬಹುದು. ಸಾವಿರ ಜನದ ಊಟಕ್ಕೆ ಮುತ್ತುಗದ ಎಲೆ ಹಚ್ಚಲು ಈಗ ಯಾರಿಗೂ ಪುರುಸೊತ್ತಿಲ್ಲ. ಮದುವೆ ಸೀಸನ್ನಿನಲ್ಲಿ ಬಾಳೆ ಎಲೆ ರೇಟು ನಮಗೂ ಗೊತ್ತು. ಅಡಿಕೆ ಹಾಳೆ ತಟ್ಟೆ ಒಳ್ಳೆಯದೇ ಎಂದುಕೊಂಡಿದ್ದೆವು. 2025ರ ಮೇನಲ್ಲಿ ಅಮೆರಿಕದ ಆಹಾರ ಇಲಾಖೆ, ಹಾಳೆಯಲ್ಲಿರುವ ಅಡಿಕೆಯ ಅಂಶಗಳು ಊಟಕ್ಕೆ ಸೇರಬಹುದು ಎಂದು ಅದನ್ನೂ ಪ್ರಶ್ನಿಸಿದೆ. ನೈಸರ್ಗಿಕ ಎಂದ ಮಾತ್ರಕ್ಕೆ ಪರೀಕ್ಷೆಯಿಂದ ರಿಯಾಯಿತಿ ಇಲ್ಲ. ಹಾಗೆಯೇ ಕಾರ್ಖಾನೆಯ ತಟ್ಟೆಗೂ ಇರಬಾರದು.

2025ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಆಹಾರ ತಾಗುವ ವಸ್ತುಗಳಲ್ಲಿ ಪಿಎಫ್‌ಎಎಸ್ ಬಳಸಬಾರದು ಎಂಬ ಕರಡು ನಿಯಮ ಹೊರಡಿಸಿತು. ಒಳ್ಳೆಯ ಹೆಜ್ಜೆ. ಅದರ ಜೊತೆಗೆ ಪ್ರತಿ ಕಟ್ಟಿನ ಮೇಲೂ ಲೇಪನ ಯಾವುದರದ್ದು ಎಂದು ಕನ್ನಡದಲ್ಲಿ ಅಚ್ಚಾಗಬೇಕು. ತೆಗೆದಿದ್ದರ ಜಾಗಕ್ಕೆ ಏನು ಬಂತು ಎಂದು ಕೊಳ್ಳುವವರಿಗೆ ತಿಳಿಯಬೇಕು.

ಅಲ್ಲಿಯವರೆಗೆ ನಾವೇ ಮಾಡಬಹುದಾದ್ದು ಇದೆ. ತಟ್ಟೆಯನ್ನು ಹರಿದು ನೋಡಿ. ಪಾರದರ್ಶಕ ಹಾಳೆ ಬಿಟ್ಟುಕೊಂಡರೆ ಅದು ಪ್ಲಾಸ್ಟಿಕ್. ಅಂಥ ಹಾಳೆ ಬರದಿದ್ದರೆ ಒಂದು ಹನಿ ಎಣ್ಣೆ ಬಿಡಿ. ಹರಡಿದರೆ ಸರಿ, ಮುತ್ತಿನಂತೆ ಗುಂಡಗೆ ನಿಂತರೆ ಫ್ಲೋರಿನ್ ಇರಬಹುದೆಂಬ ಅನುಮಾನ ಪಡಿ. ಇದು ಲ್ಯಾಬ್ ಪರೀಕ್ಷೆಯಲ್ಲ, ಸುಳಿವು ಮಾತ್ರ. ಎರಡರಲ್ಲಿ ಯಾವುದೇ ಇರಲಿ, ಅಂಥ ತಟ್ಟೆಯನ್ನು ಹಂಡೆ ಒಲೆಗೆ ಹಾಕಬೇಡಿ, ದನದ ಬಾಯಿಗೆ ಸಿಗುವಂತೆ ಬಿಡಬೇಡಿ. ಪಂಚಾಯಿತಿ ಕಸದ ಗಾಡಿಗೆ ಬೇರೆ ಚೀಲದಲ್ಲಿ ಕೊಡಿ. ಊರಿನ ಮಹಿಳಾ ಸಂಘ ಐನೂರು ಸ್ಟೀಲ್ ತಟ್ಟೆ ಇಟ್ಟುಕೊಂಡು ಬಾಡಿಗೆಗೆ ಕೊಟ್ಟರೆ ಸಂಘಕ್ಕೂ ಕಾಸು, ಊರಿಗೂ ಕಸವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ.

ಶೆಟ್ಟಿಹಳ್ಳಿಯಲ್ಲಿ ನೀರು ಮತ್ತೆ ಏರುತ್ತದೆ. ದಡದಲ್ಲಿ ಬಿದ್ದ ತಟ್ಟೆಗಳು ಆ ನೀರಿಗೆ ಸೇರುತ್ತವೆ. ಅದೇ ನೀರು ಕಾಲುವೆಯಲ್ಲಿ ಹರಿದು ಹಾಸನ, ತುಮಕೂರು, ಮಂಡ್ಯದ ಗದ್ದೆಗಳಿಗೆ ಹೋಗುತ್ತದೆ. ನೀರನ್ನು ತಾಗಿಸಿಕೊಳ್ಳದ ತಟ್ಟೆ ಮಾಡುವವರು, ಆ ತಟ್ಟೆ ನಮ್ಮ ನೀರಿಗೂ ತಾಗದಂತೆ ನೋಡಿಕೊಳ್ಳಲಿ.