ನಿದ್ದೆಯಲ್ಲೂ ಹಾರ್ನ್ ಕೇಳಿಸಿಕೊಳ್ಳುವ ಹೃದಯ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರುತ್ತಿದ್ದಾಗ ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲೂ ಅದೇ ಮಾತು. ತೀರಿಕೊಂಡವರಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದರು. ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು, ಸರ್ಕಾರ ತಜ್ಞರ ಸಮಿತಿ ರಚಿಸಿತು. ಸಿಗರೇಟು, ಸಕ್ಕರೆ ಕಾಯಿಲೆ, ಜಂಕ್ ಫುಡ್, ಜಿಮ್, ಕೋವಿಡ್ ಲಸಿಕೆ ಎಲ್ಲದರ ಬಗ್ಗೆಯೂ ಚರ್ಚೆಯಾಯಿತು. ರಸ್ತೆಯ ಸದ್ದಿನ ಬಗ್ಗೆ ಮಾತ್ರ ನಾನು ಓದಿದ ಲೇಖನಗಳಲ್ಲಿ ಒಂದು ಸಾಲೂ ಇರಲಿಲ್ಲ. ಹಾಸನದ ಸಾವುಗಳಿಗೆ ಸದ್ದು ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ವಾಹನಗಳ ಸದ್ದು ಹೃದಯಕ್ಕೆ ಕೆಡುಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿ ವರ್ಷಗಳೇ ಆಗಿವೆ.

ಸದ್ದು ಜೋರಾದರೆ ಕಿವಿ ಹಾಳಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೃದಯದ ಲೆಕ್ಕ ಬೇರೆ. ಕಿವಿಗೆ ಏನೂ ಆಗದಷ್ಟು ಸದ್ದಿಗೂ ಅದು ಪ್ರತಿಕ್ರಿಯಿಸುತ್ತದೆ. ಮಿದುಳು ಹಠಾತ್ ಸದ್ದನ್ನು ಅಪಾಯದ ಸೂಚನೆ ಎಂದೇ ತೆಗೆದುಕೊಳ್ಳುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ರಕ್ತಕ್ಕೆ ಬರುತ್ತವೆ, ನಾಡಿ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ. ಒಂದೆರಡು ಸಲ ಆದರೆ ತೊಂದರೆಯಿಲ್ಲ. ದಿನವೂ, ವರ್ಷಗಟ್ಟಲೆ ಇದೇ ನಡೆದರೆ ಬಿಪಿ ಏರುತ್ತದೆ, ರಕ್ತನಾಳಗಳ ಒಳಪದರ ಕೆಡತೊಡಗುತ್ತದೆ. ರಾತ್ರಿಯ ಸದ್ದಂತೂ ಇನ್ನೂ ಕೆಟ್ಟದ್ದು. ನಿದ್ದೆಯಲ್ಲಿ ರಕ್ತದೊತ್ತಡ ಇಳಿದು ಹೃದಯಕ್ಕೆ ಸ್ವಲ್ಪ ವಿಶ್ರಾಂತಿ ಸಿಗಬೇಕು. ಲಾರಿಯೊಂದು ಹಾರ್ನ್ ಹೊಡೆದರೆ ನಮಗೆ ಎಚ್ಚರವಾಗದಿರಬಹುದು, ಬಡಿತ ಮಾತ್ರ ಏರಿರುತ್ತದೆ. ‘ನಮಗೆ ಅಭ್ಯಾಸವಾಗಿಬಿಟ್ಟಿದೆ ಬಿಡ್ರೀ’ ಎನ್ನುವವರ ಹೃದಯಕ್ಕೂ ಪೂರ್ತಿ ಅಭ್ಯಾಸವಾಗಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಸ್ತೆಯ ಸದ್ದು ಸರಾಸರಿ 53 ಡೆಸಿಬಲ್ ದಾಟಿದ ಮೇಲೆ ಪ್ರತಿ 10 ಡೆಸಿಬಲ್‌ಗೆ ಹೃದಯಕ್ಕೆ ರಕ್ತ ಪೂರೈಕೆ ಕುಗ್ಗುವ ಕಾಯಿಲೆಯ ಅಪಾಯ ಸುಮಾರು ಶೇ 8ರಷ್ಟು ಹೆಚ್ಚುತ್ತದೆ. ಇದನ್ನು ನೂರರಲ್ಲಿ ಎಂಟು ಜನರಿಗೆ ಹೃದಯಾಘಾತ ಎಂದು ಓದಬಾರದು. ಈಗಾಗಲೇ ಇರುವ ಅಪಾಯ ಅಷ್ಟು ಹಿಗ್ಗುತ್ತದೆ ಎಂದರ್ಥ. ಒಬ್ಬನ ಮಟ್ಟಿಗೆ ಇದು ಸಣ್ಣದು. ಒಂದು ಕೋಟಿಗೂ ಹೆಚ್ಚು ಜನರಿರುವ ಬೆಂಗಳೂರಿಗೆ ಸಣ್ಣದಲ್ಲ.

ಡೆಸಿಬಲ್ ಲಾಗರಿದಮ್ ಅಳತೆ. ಪಿಯುಸಿಯಲ್ಲಿ ಅಂಕಕ್ಕಾಗಿ ಉರುಹೊಡೆದ ಲಾಗರಿದಮ್ ಇಲ್ಲಿ ಕೆಲಸಕ್ಕೆ ಬರುತ್ತದೆ! 10 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, 20 ಹೆಚ್ಚಾದರೆ ನೂರು ಪಟ್ಟು. ನಮ್ಮ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ನನ್ನ ಪಿಜಿ ಮುಖ್ಯರಸ್ತೆಗೆ ಅಂಟಿಕೊಂಡಿದೆ. ರಾತ್ರಿ 11ಕ್ಕೆ ಕಿಟಕಿಯ ಬಳಿ ಮೊಬೈಲ್ ಹಿಡಿದರೆ ಆ್ಯಪ್ 65ರಿಂದ 70 ತೋರಿಸುತ್ತದೆ. ಮೊಬೈಲಿನ ಲೆಕ್ಕ ಕರಾರುವಾಕ್ಕಲ್ಲ, ಐದು ಡೆಸಿಬಲ್ ಕಳೆದೇಬಿಡಿ. ಆಗಲೂ ಮಿತಿಯನ್ನು ಎಷ್ಟು ಪಟ್ಟು ಮೀರಿದೆ ಎಂದು ನೀವೇ ಲೆಕ್ಕ ಹಾಕಿ.

ಕಾನೂನಿಗೇನೂ ಬರವಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಎಫ್ ಪ್ರಕಾರ ಅನಗತ್ಯವಾಗಿ ಹಾರ್ನ್ ಮಾಡಿದರೆ 1,000 ರೂಪಾಯಿ ದಂಡ, ಮತ್ತೆ ಮಾಡಿದರೆ 2,000. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಿಂದಲೇ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸದ್ದು ಅಳೆಯುತ್ತಾ ಬಂದಿದೆ. ನಿಮ್ಹಾನ್ಸ್ ಬಳಿಯೂ ಒಂದು ಕೇಂದ್ರವಿದೆ. ಅಳೆಯುವುದು ಒಂದು ಇಲಾಖೆ, ದಂಡ ಹಾಕುವುದು ಇನ್ನೊಂದು, ಚಿಕಿತ್ಸೆ ಕೊಡುವುದು ಮತ್ತೊಂದು. ಮೂವರೂ ಒಂದೇ ಮೇಜಿಗೆ ಬಂದು ಕೂತ ಹಾಗೆ ನನಗಂತೂ ಕಾಣುತ್ತಿಲ್ಲ.

ಎಲೆಕ್ಟ್ರಿಕ್ ಗಾಡಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನನ್ನ ಕ್ಲಾಸಿನ ಅರ್ಧ ಜನ ನಂಬಿದ್ದಾರೆ. ಸಿಗ್ನಲ್‌ನಲ್ಲಿ, ಕಡಿಮೆ ವೇಗದಲ್ಲಿ ಅದು ನಿಜ. ಆದರೆ ಕಾರು ಗಂಟೆಗೆ 40–50 ಕಿ.ಮೀ. ದಾಟಿದ ಮೇಲೆ ಎಂಜಿನ್‌ಗಿಂತ ಟೈರು ರಸ್ತೆಗೆ ಉಜ್ಜುವ ಸದ್ದೇ ಜೋರು. ಎಲೆಕ್ಟ್ರಿಕ್ ಗಾಡಿಗೂ ಟೈರು ಇದೆ, ಹಾರ್ನೂ ಇದೆ. ರಾತ್ರಿಯ ವೇಗಮಿತಿ, ಗುಂಡಿಯಿಲ್ಲದ ರಸ್ತೆ, ಹಾರ್ನ್‌ಗೆ ನಿಜವಾಗಿ ಬೀಳುವ ದಂಡ, ಇವು ಇವತ್ತೇ ಆಗಬಹುದಾದ ಕೆಲಸ. ಮುಂಬೈ ಪೊಲೀಸರು ಒಂದು ಪ್ರಯೋಗ ಮಾಡಿದರು: ಸದ್ದು 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಕೌಂಟ್‌ಡೌನ್ ಮತ್ತೆ ಮೊದಲಿನಿಂದ ಶುರು. ತಮಾಷೆಯಂತೆ ಕಂಡರೂ ಅದರಲ್ಲಿ ಬುದ್ಧಿವಂತಿಕೆ ಇದೆ.

ವಿಜಯನಗರದಲ್ಲೋ ಧಾರವಾಡದಲ್ಲೋ ಕೋಚಿಂಗ್‌ಗೆಂದು ರೂಮು ಹುಡುಕುವ ಗೆಳೆಯರು ಬಾಡಿಗೆ, ಊಟ, ವೈಫೈ ಎಲ್ಲವನ್ನೂ ವಿಚಾರಿಸುತ್ತಾರೆ. ಕಿಟಕಿ ಯಾವ ಕಡೆ ತೆರೆಯುತ್ತದೆ ಎಂದೂ ಕೇಳಿ. ಹಿಂಬದಿಯ ರೂಮು ಸಿಕ್ಕರೆ ಅದನ್ನೇ ಹಿಡಿಯಿರಿ. ಸರ್ಕಲ್‌ನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಕಾನ್‌ಸ್ಟೆಬಲ್‌ಗೆ, ಫುಟ್‌ಪಾತಿನಲ್ಲಿ ಹೂವು ಮಾರುವ ಅಮ್ಮನಿಗೆ, ಆಟೊ ಓಡಿಸುವ ಅಣ್ಣನಿಗೆ ಹಿಂಬದಿಯ ರೂಮಿನ ಆಯ್ಕೆಯೇ ಇಲ್ಲ. ಅವರ ಬಿಪಿಯನ್ನು ವರ್ಷಕ್ಕೊಮ್ಮೆಯಾದರೂ ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆಯನ್ನು ಸರ್ಕಾರ ಮೊದಲು ಮಾಡಲಿ.